ಅಗ್ಗದ ಇನ್‌ಫ್ರಾರೆಡ್ ಕ್ಯಾಮೆರಾ ಟ್ರ್ಯಾಪ್: ಮಲೆನಾಡಿನ ಕಾಡಿಗೆ ಆಗುತ್ತದೆಯೇ?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ಎಂ.ಎಸ್ಸಿ. ಮುಗಿಸಿ ಹುಲಿ, ಚಿರತೆ ಮೇಲೆ ಪಿಎಚ್.ಡಿ.ಗೆ ಹೊರಟವರ ಕೈಯಿಂದ ದುಡ್ಡು ಮೊದಲು ಹೋಗುವುದು ಕ್ಯಾಮೆರಾ ಟ್ರ್ಯಾಪಿಗೆ, ಅಂದರೆ ಮರಕ್ಕೆ ಕಟ್ಟಿಟ್ಟರೆ ಪ್ರಾಣಿ ಹಾದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾಕ್ಕೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ, ಎಂಟು ಎಎ ಸೆಲ್ಲಿನ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಮಾದರಿಗಳು ಯಾವ ಪ್ರಾಣಿ ಓಡಾಡುತ್ತಿದೆ ಎಂದು ತಿಳಿಯಲು ಧಾರಾಳ ಸಾಕು. ಎಷ್ಟು ಚಿರತೆ ಇವೆ ಎಂದು ಎಣಿಸುವುದಕ್ಕೆ ಬೇಡ.

ಕೈಕೊಡುವುದು ರಾತ್ರಿಯ ಫೋಟೊ. ಕತ್ತಲಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿದ್ದು, ನಡೆಯುತ್ತಿರುವ ಚಿರತೆಯ ಪಕ್ಕೆಯ ಚುಕ್ಕೆಗಳೆಲ್ಲ ಕಲಸಿಹೋಗುತ್ತವೆ. ಹುಲಿ ತಜ್ಞ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಗಳಿಗೆ ಬಳಸಿದ ಎಣಿಕೆಯ ವಿಧಾನ ನಿಂತಿರುವುದೇ ಒಂದೊಂದರ ಪಟ್ಟೆ ಗುರುತಿಸುವುದರ ಮೇಲೆ. ಗುರುತು ಹತ್ತದ ಫೋಟೊ ಆ ಲೆಕ್ಕಕ್ಕೆ ಬರುವುದಿಲ್ಲ. ಬಿಳಿ ಕ್ಸೆನಾನ್ ಫ್ಲ್ಯಾಶಿನದು ದುಬಾರಿ, ಆದರೆ ಚುಕ್ಕೆ ಕೆತ್ತಿದ ಹಾಗೆ ಬರುತ್ತದೆ. ಎಡಪಕ್ಕೆಯ ಗುರುತೇ ಬೇರೆ, ಬಲಪಕ್ಕೆಯದೇ ಬೇರೆ. ಹಾಗಾಗಿ ಒಂದೊಂದು ಜಾಗಕ್ಕೂ ಜೋಡಿ ಕ್ಯಾಮೆರಾ ಬೇಕು. ಹತ್ತು ಕೊಂಡರೆ ಐದೇ ಜಾಗ. ಬಜೆಟ್ ಬರೆಯುವಾಗ ಇದೇ ಮರೆತುಹೋಗುತ್ತದೆ!

ಜೋಡಿಯನ್ನು ನೇರ ಎದುರುಬದುರು ಕಟ್ಟಿದರೆ ಒಂದರ ಫ್ಲ್ಯಾಶ್ ಇನ್ನೊಂದರ ಲೆನ್ಸಿಗೆ ಹೊಡೆದು ಫೋಟೊ ಬೆಳ್ಳಗಾಗುತ್ತದೆ. ಸ್ವಲ್ಪ ಓರೆಯಾಗಿರಲಿ. ದಾರಿಯಿಂದ ಮೂರ್ನಾಲ್ಕು ಮೀಟರ್ ದೂರ, ನೆಲದಿಂದ 40–45 ಸೆಂ.ಮೀ. ಎತ್ತರ. ಕಟ್ಟಿದ ಮೇಲೆ ಅಂಬೆಗಾಲಿಟ್ಟು ಮುಂದೆ ಹಾದುಹೋಗಿ, ಸೆನ್ಸರ್ ದೀಪ ಹತ್ತುತ್ತದೆಯೇ ನೋಡಿ. ಸೆನ್ಸರಿಗೆ ಬೇಕಾದದ್ದು ಮೈಶಾಖಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸ. ಶೆಟ್ಟಿಹಳ್ಳಿಯ ಒಣಕಾಡಿನಲ್ಲಿ ಏಪ್ರಿಲ್ ಮಧ್ಯಾಹ್ನ ನೆಲ ಕಾದಾಗ ಪ್ರಾಣಿ ಹಾದರೂ ಸೆನ್ಸರಿಗೆ ಗೊತ್ತಾಗದೆ ಹೋಗಬಹುದು. ಅದೇ ಬಿಸಿಲಿಗೆ ಕಾದ ಹುಲ್ಲು ತೊನೆದರೆ ಮೆಮೊರಿ ಕಾರ್ಡ್ ತುಂಬ ಹುಲ್ಲಿನ ಫೋಟೊಗಳೇ.

ಮಳೆಯ ವಿಷಯಕ್ಕೆ ಬಂದರೆ, 'ವಾಟರ್‌ಪ್ರೂಫ್' ಅಂತ ಬರೆದಿದ್ದನ್ನು ಆಗುಂಬೆ ಕಡೆ ನಂಬಿ ಕೂರುವಂತಿಲ್ಲ. ನೀರು ಸೋರದಿದ್ದರೂ, ಕಾರ್ಡ್ ಬದಲಿಸಲು ಬಾಗಿಲು ತೆರೆದಾಗ ಒಳಸೇರಿದ ತೇವದ ಗಾಳಿ ರಾತ್ರಿ ತಣ್ಣಗಾಗಿ ಲೆನ್ಸಿನ ಒಳಗಡೆ ಮಂಜು ಕಟ್ಟುತ್ತದೆ. ಪ್ರತಿ ಸಲ ಸಿಲಿಕಾ ಜೆಲ್ ಪೊಟ್ಟಣ ಬದಲಿಸಿ, ರಬ್ಬರ್ ರಿಂಗನ್ನು ಒಣಬಟ್ಟೆಯಲ್ಲಿ ಒರೆಸಿ. ಒಂದು ಮರಳಿನ ಹರಳು ಸಿಕ್ಕಿಕೊಂಡರೂ ಬಾಗಿಲು ಬಿಗಿಯಾಗದು. ಸಂದಿಯಲ್ಲಿ ಇರುವೆ ಗೂಡು ಕಟ್ಟಿದೆಯೇ ಎಂದೂ ನೋಡಿ. ರೀಚಾರ್ಜ್ ಸೆಲ್ ಒಂದಕ್ಕೆ 1.2 ವೋಲ್ಟ್, ಎಂಟಕ್ಕೆ 9.6. ಹನ್ನೆರಡು ವೋಲ್ಟ್ ಬೇಡುವ ಮಾದರಿ ಅರ್ಧದಲ್ಲೇ ನಿಲ್ಲಬಹುದು.

ಗಡಿಯಾರದ್ದು ದೊಡ್ಡ ಕಿರಿಕಿರಿ. ಸೆಲ್ ತೆಗೆದರೆ ಕೆಲವು ಮಾದರಿಗಳ ತಾರೀಖು ಮೊದಲಿನ ಸ್ಥಿತಿಗೆ ಹೋಗುತ್ತದೆ; ಜೋಡಿಯ ಸಮಯ ತಾಳೆಯಾಗದಿದ್ದರೆ ಎಡ–ಬಲ ಪಕ್ಕೆ ಕೂಡಿಸುವುದು ಕಷ್ಟ. ಸ್ಲೇಟಿನ ಮೇಲೆ ಜಾಗದ ನಂಬರು, ತಾರೀಖು, ಸಮಯ ಬರೆದು ಎರಡೂ ಕ್ಯಾಮೆರಾಕ್ಕೆ ತೋರಿಸಿ ಒಂದೊಂದು ಫೋಟೊ ತೆಗೆಸಿಕೊಂಡಿರಿ.

ಕದಿಯುವವರಿಗೆ ಬೀಗ, ಸರಪಳಿ ಸಾಕು; ಭದ್ರಾ ಅಭಯಾರಣ್ಯದ ಆನೆಗೆ ಸಾಲದು, ಒಂದೆರಡು ಕ್ಯಾಮೆರಾ ಹೆಚ್ಚಿಗೆ ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲೇ ಆರ್ಡರ್ ಮಾಡಿ. ಮೊದಲೇ ತರಿಸಿದರೆ ವಾರಂಟಿ ಬೀರುವಿನಲ್ಲೇ ಮುಗಿದುಹೋದೀತು.