ಸೈಪ್ರಸ್‌ನಲ್ಲಿ ಜೆನೋಬಿಯಾ ಡೈವ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಲಾರ್ನಕಾಗೆ ಹೋಗಿ ಸಮುದ್ರದಡಿ ಇಳಿದು ಜೆನೋಬಿಯಾ ಹಡಗು ನೋಡಬೇಕು ಅಂತ ಪ್ಲಾನ್ ಹಾಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಉದ್ದ ಆಗಿದೆ, ಗೊತ್ತು. ಸಿಟ್ಟು ಇನ್ನೂ ಇಳಿದಿಲ್ಲ. ಡೈವ್ ಅಂಗಡಿಯ ಹೆಸರು ಹಾಕುತ್ತಿಲ್ಲ, ಬ್ಯಾಂಕಿನಲ್ಲಿ ತಕರಾರು ನಡೆಯುತ್ತಿದೆ. ಆದರೆ ಇವರ ಆಟ ಹೇಗೆ ಅಂತ ಗೊತ್ತಾದರೆ ಸಾಕು, ಯಾವ ಅಂಗಡಿಯವರು ಆಡಿದರೂ ನಿಮಗೆ ತಿಳಿಯುತ್ತೆ.

ಜೆನೋಬಿಯಾ ಕೇಳಿರದವರಿಗೆ ಎರಡು ಮಾತು. ಸ್ವೀಡನ್ನಿನ ದೊಡ್ಡ ಫೆರಿ ಅದು. ಲಾರಿ ತುಂಬಿಕೊಂಡು ಸಿರಿಯಾಗೆ ಹೊರಟಿತ್ತು. ಹಡಗಿನ ಸಮತೋಲಕ್ಕೆ ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕಿನ ವ್ಯವಸ್ಥೆ ಕೆಟ್ಟು, ಒಂದು ಕಡೆಗೆ ವಾಲಿ, 1980ರ ಜೂನ್‌ನಲ್ಲಿ ಲಾರ್ನಕಾ ಎದುರಿಗೇ ಮುಳುಗಿತು. ಜನ ಎಲ್ಲ ಬಚಾವಾದರು, ನೂರಕ್ಕೂ ಹೆಚ್ಚು ಲಾರಿಗಳು ತಳ ಸೇರಿದವು. ಈಗ ಎಡ ಮಗ್ಗುಲಾಗಿ ಮಲಗಿದೆ. ಕೆಳಗಿನ ಮರಳು 42 ಮೀಟರ್ ಆಳದಲ್ಲಿ. ಮೇಲಿನ ಮಗ್ಗುಲು ಸುಮಾರು 16 ಮೀಟರ್‌ನಲ್ಲಿ. ಈ 16 ನೆನಪಿಟ್ಟುಕೊಳ್ಳಿ, ಜಗಳ ಎಲ್ಲಾ ಅದರದ್ದೇ.

ನನ್ನ ಹತ್ತಿರ ಮತ್ತು ನನ್ನ ಭಾವಮೈದುನನ ಹತ್ತಿರ ಇರುವುದು ಓಪನ್ ವಾಟರ್ ಕಾರ್ಡ್, ಅಂದರೆ ಡೈವಿಂಗ್ ಕಲಿತವರಿಗೆ ಸಿಗುವ ಮೊದಲ ಹಂತದ ಸರ್ಟಿಫಿಕೇಟ್. ಮುರುಡೇಶ್ವರದಿಂದ ಬೋಟಿನಲ್ಲಿ ನೇತ್ರಾಣಿಗೆ ಹೋಗಿ ಮಾಡಿದ್ದು. ಆ ಕಾರ್ಡಿಗೆ 18 ಮೀಟರ್ ಆಳದ ಮಿತಿ. ಈಗ ಇಬ್ಬರೂ ಜರ್ಮನಿಯಲ್ಲಿದ್ದೇವೆ. ಸೈಪ್ರಸ್ ಟಿಕೆಟ್ ಸೋವಿಗೆ ಸಿಕ್ಕಿತು. ದುಡ್ಡು ಕಟ್ಟುವ ಮುಂಚೆಯೇ ವಾಟ್ಸಾಪ್‌ನಲ್ಲಿ ಬಿಡಿಸಿ ಕೇಳಿದ್ದೆ: "ನಮ್ಮದು ಓಪನ್ ವಾಟರ್ ಮಾತ್ರ. ಜೆನೋಬಿಯಾಗೆ ಕರೆದುಕೊಂಡು ಹೋಗ್ತೀರಾ?" ಉತ್ತರ ಐದೇ ನಿಮಿಷದಲ್ಲಿ ಬಂತು. "ನೋ ಪ್ರಾಬ್ಲಂ ಮೈ ಫ್ರೆಂಡ್! ಮೇಲ್ಭಾಗ 16 ಮೀಟರ್, ಅಲ್ಲೇ ಇರೋಣ. ಸುಂದರವಾಗಿದೆ!" ಕೊನೆಗೆ ಮೀನಿನ ಚಿತ್ರ ಬೇರೆ. ಆ ಮೆಸೇಜಿನ ಸ್ಕ್ರೀನ್‌ಶಾಟ್ ಇವತ್ತಿಗೂ ನನ್ನ ಫೋನಿನಲ್ಲಿದೆ.

ಎರಡು ಡೈವ್, ಬೋಟ್, ಗೇರ್ ಎಲ್ಲಾ ಸೇರಿ ಒಂದೇ ರೇಟು ಅಂದರು. ಅರ್ಧ ಅಡ್ವಾನ್ಸ್ ಕಾರ್ಡಿನಲ್ಲಿ ಕಟ್ಟಿದೆ. ಷರತ್ತುಗಳ ಲಿಂಕ್ ಬಂದದ್ದು ಯಾವಾಗ? ದುಡ್ಡು ಹೋದ ಮೇಲೆ.

ಅವತ್ತು ಬೆಳಿಗ್ಗೆ ಅಂಗಡಿಗೆ ಹೋದೆವು. ಫಾರಂ ತುಂಬಿಸಿಕೊಂಡರು. ಕಿವಿ ನೋವು ಇದೆಯಾ, ಆಸ್ತಮಾ ಇದೆಯಾ, ಮಾಮೂಲಿ ಪ್ರಶ್ನೆಗಳು. ಉಳಿದ ದುಡ್ಡು ಕ್ಯಾಶ್ ಬೇಕು, ಕಾರ್ಡ್ ಮಷೀನ್ ಕೆಟ್ಟಿದೆ ಅಂದರು. ಕೊಟ್ಟೆವು. ಸಹಿ ಹಾಕಿದೆವು. ವೆಟ್‌ಸೂಟ್ ಅರ್ಧ ಏರಿಸಿಕೊಂಡು, ಬೂಟು ಹಾಕಿಕೊಂಡು ನಿಂತಿದ್ದೇವೆ. ಆಗ ಮ್ಯಾನೇಜರ್ ಬಂದ.

"ನಿಮ್ಮ ಅಡ್ವಾನ್ಸ್ಡ್ ಕಾರ್ಡ್ ಎಲ್ಲಿ?"

ಓಪನ್ ವಾಟರ್ ಆದ ಮೇಲಿನ ಹಂತದ ಕಾರ್ಡ್ ಅದು. ಇಲ್ಲ, ಮೊದಲೇ ಹೇಳಿದ್ದೆವಲ್ಲ ಅಂದೆ. ಸ್ಕ್ರೀನ್‌ಶಾಟ್ ತೋರಿಸಿದೆ. ಆತ ಫೋನ್ ಕಡೆ ಕಣ್ಣೂ ಹಾಯಿಸಲಿಲ್ಲ. "ಅದು ಆಫೀಸ್ ಹುಡುಗಿ ಬರೆದಿದ್ದು. ಇನ್ಶೂರೆನ್ಸ್ ಒಪ್ಪಲ್ಲ. ಬೇಕಾದರೆ ಡೀಪ್ ಡೈವ್ ಅಂತ ಕೋರ್ಸಿನ ಒಂದು ಭಾಗ ಮಾಡಿಸ್ತೀನಿ, ತಲಾ ನೂರಿಪ್ಪತ್ತು ಯೂರೋ ಎಕ್ಸ್ಟ್ರಾ. ಇಲ್ಲಾಂದ್ರೆ ಇದೇ ರೇಟಿಗೆ ದಡದ ಡೈವ್."

ಸುರಕ್ಷತೆ ಅಂದರೆ ಸರಿ, ಯಾರೂ ಬೇಡ ಅನ್ನಲ್ಲ. ಅಡ್ವಾನ್ಸ್ಡ್ ಇಲ್ಲದವರನ್ನು ಕರೆದುಕೊಂಡು ಹೋಗದ ಒಳ್ಳೆ ಅಂಗಡಿಗಳೂ ಇವೆ. ಅವರು ಮೊದಲೇ ಹೇಳಿಬಿಡುತ್ತಾರೆ ಅಷ್ಟೆ. ಅದಕ್ಕೇ ನಾನೂ ಮೊದಲಿಗೆ ಸುಮ್ಮನಾದೆ. ಇವರ ನಿಯಮ ಇರಬಹುದು ಬಿಡು ಅಂದುಕೊಂಡೆ.

ಆದರೆ ನನ್ನ ಭಾವಮೈದುನ ಸುಮ್ಮನಿರುವವನಲ್ಲ. ಕೌಂಟರ್ ಮೇಲೆ ಕ್ಲಿಪ್ ಹಾಕಿಟ್ಟ ಬೋಟಿನ ಲಿಸ್ಟ್ ಇತ್ತು. ಮೆಲ್ಲಗೆ ನನ್ನ ಕೈ ಜಗ್ಗಿದ. "ಭಾವ, ಇಲ್ಲಿ ನೋಡಿ." ನಮ್ಮಿಬ್ಬರ ಹೆಸರು ಟೈಪ್ ಮಾಡಿತ್ತು. ಅದರ ಮೇಲೆ ನೀಲಿ ಪೆನ್ನಿನ ಗೆರೆ. ಪಕ್ಕದಲ್ಲಿ ಅದೇ ನೀಲಿ ಪೆನ್ನಿನಲ್ಲಿ ಬೇರೆ ಇಬ್ಬರ ಹೆಸರು. ಹೆಸರಿನ ಮುಂದೆ ಕಾರ್ಡ್ ಯಾವುದು ಅಂತ ಬರೆಯುವ ಜಾಗ ಇರುತ್ತಲ್ಲ, ಅಲ್ಲಿ ಏನಿತ್ತು ಗೊತ್ತಾ? ಓಪನ್ ವಾಟರ್. ಇಬ್ಬರಿಗೂ! ಆ ಇಬ್ಬರು ಅಲ್ಲೇ ಬೆಂಚಿನ ಮೇಲೆ ಕೂತು ಫಿನ್ಸ್ ಅಳತೆ ನೋಡುತ್ತಿದ್ದರು. ಗಂಡ ಹೆಂಡತಿ. ಮಾತಾಡಿಸಿದೆ. ಹಿಂದಿನ ದಿನವಷ್ಟೇ ಓಪನ್ ವಾಟರ್ ಮುಗಿಸಿದ್ದಾರಂತೆ, ಇದೇ ಅಂಗಡಿಯಲ್ಲೇ. ಇವತ್ತು ಜೆನೋಬಿಯಾ ಅಂತ ಖುಷಿಯಾಗಿದ್ದರು. ಪಾಪ, ಅವರದ್ದೇನು ತಪ್ಪು.

ಇನ್ಶೂರೆನ್ಸೂ ಇಲ್ಲ, ಮಣ್ಣೂ ಇಲ್ಲ. ಬೋಟು ತುಂಬಿತ್ತು. ಕೋರ್ಸ್ ಮಾಡಿದವರಿಂದ ಜಾಸ್ತಿ ದುಡ್ಡು ಬಂದಿದೆ, ಅವರಿಗೆ ಸೀಟು ಕೊಟ್ಟಿದ್ದಾರೆ. ನಮ್ಮನ್ನು ಕಳಿಸಲು ಒಂದು ನೆಪ ಬೇಕಿತ್ತು. ಅವರ 16 ಮೀಟರಿಗೂ ನಮ್ಮ 16 ಮೀಟರಿಗೂ ಏನು ವ್ಯತ್ಯಾಸ ಅಂತ ಮ್ಯಾನೇಜರನನ್ನು ಕೇಳಿದೆ. ಆತ ಹೇಳಿದ ಮಾತು ಇದು: "ಅವರು ಹೇಗೆ ಡೈವ್ ಮಾಡ್ತಾರೆ ನಾನು ನೋಡಿದೀನಿ. ನಿಮ್ಮನ್ನು ನೋಡಿಲ್ಲ." ಎಲ್ಲರ ಎದುರಿಗೆ! ಅರ್ಧ ವೆಟ್‌ಸೂಟ್ ಸೊಂಟಕ್ಕೆ ಜೋತಾಡಿಸಿಕೊಂಡು ನಿಂತವನಿಗೆ ಈ ಮಾತು. ನೋಡದೆ ದುಡ್ಡು ಹೇಗೆ ತಗೊಂಡ್ರಿ ಅಂದೆ. "ಮೈ ಫ್ರೆಂಡ್, ಸಿಟ್ಟು ಮಾಡಿಕೊಂಡು ನೀರಿಗಿಳಿಯಬಾರದು" ಅಂತ ನನಗೇ ಬುದ್ಧಿ ಹೇಳಿದ.

ಕ್ಯಾಶ್ ವಾಪಸ್ ಕೊಡಿ ಅಂದೆವು. ಕೊಡಲ್ಲ ಅಂದರು. ಸಹಿ ಹಾಕಿದ ಫಾರಂನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಡೈವ್ ಜಾಗ ಬದಲಾಯಿಸುವ ಹಕ್ಕು ಅಂಗಡಿಯದ್ದು. ಗಾಳಿ ಜೋರಾದರೆ ಜಾಗ ಬದಲಾಯಿಸುವುದು ಎಲ್ಲಾ ಕಡೆ ಇದ್ದದ್ದೇ, ಅದಕ್ಕೆ ಯಾರೂ ತಕರಾರು ತೆಗೆಯಲ್ಲ. ಅವತ್ತು ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗಿತ್ತು!

ಸರಿ, ಹಾಗಾದರೆ ಆಯಿಯಾ ನಾಪಾದ ಮುಸಾನ್‌ಗಾದರೂ ಹೋಗೋಣ ಅಂದೆವು. 2021ರಲ್ಲಿ ತೆರೆದ ನೀರೊಳಗಿನ ಮ್ಯೂಸಿಯಂ ಅದು, 8–10 ಮೀಟರ್‌ನಲ್ಲಿ ಶಿಲ್ಪಗಳನ್ನು ಇಳಿಬಿಟ್ಟಿದ್ದಾರೆ. "ಅದಕ್ಕೆ ಟಿಕೆಟ್ ಇದೆ, ಎಕ್ಸ್ಟ್ರಾ." ಎಲ್ಲದಕ್ಕೂ ಎಕ್ಸ್ಟ್ರಾ. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರ್ ಬೇಕಾ? ಎಕ್ಸ್ಟ್ರಾ. ಎಲ್ಲಾ ಸೇರಿ ಅಂದಿದ್ದರಲ್ಲ ಸ್ವಾಮಿ.

ಕೊನೆಗೆ ಪ್ರೊಟಾರಸ್ ಹತ್ತಿರದ ಗ್ರೀನ್ ಬೇಗೆ ವ್ಯಾನಿನಲ್ಲಿ ಕರೆದುಕೊಂಡು ಹೋದರು. ಜಾಗ ಕೆಟ್ಟದ್ದಲ್ಲ, ಮೊದಲ ಸಲ ನೀರಿಗಿಳಿಯುವವರಿಗೆ ಹೇಳಿ ಮಾಡಿಸಿದ್ದು. ಆಳ ಹತ್ತು ಮೀಟರಿನ ಆಸುಪಾಸು. ಬಿಸಿಲಿಗೆ ಮಲಗಿದವರ ಟವೆಲ್‌ಗಳ ಮಧ್ಯೆ ಸಿಲಿಂಡರ್ ಹೊತ್ತು ನಡೆಯಬೇಕು. ನನಗೆ ಕೊಟ್ಟ ಉಸಿರಾಡುವ ರೆಗ್ಯುಲೇಟರಿನ ಬಾಯಿ ರಬ್ಬರ್ ಯಾರೋ ಕಚ್ಚಿ ಕಚ್ಚಿ ಒಂದು ಕಡೆ ಹರಿದಿತ್ತು. ಬಿಗಿಯಾಗಿ ಕಚ್ಚಿಕೊಳ್ಳದಿದ್ದರೆ ಉಪ್ಪು ನೀರು ಒಳಗೆ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜ್ ನೋಡಿದರೆ ಮುಳ್ಳು 150 ಬಾರ್ ಮೇಲೆ. ತುಂಬಿದ ಸಿಲಿಂಡರ್ ಅಂದರೆ 200 ಇರಬೇಕು ಅಲ್ವಾ? ಗೈಡ್ ಹೇಳಿದ: "ಇಲ್ಲಿ ಆಳ ಇಲ್ಲ, ಸಾಕಾಗುತ್ತೆ." ಮೊದಲ ಸಲ ಇಳಿಯುವ ಟೂರಿಸ್ಟ್‌ಗಳ ಜೊತೆ ನಮ್ಮನ್ನೂ ಸೇರಿಸಿ ಒಂದು ಸುತ್ತು ಹಾಕಿಸಿದ. ಎರಡನೇ ಡೈವ್ ಅಂದದ್ದು ಅದೇ ಜಾಗದಲ್ಲಿ ಅದೇ ಸುತ್ತು.

ವಾಪಸ್ ಬಂದಾಗ ಮ್ಯಾನೇಜರ್ ಸಮಾಧಾನ ಮಾಡಲು ನೋಡಿದ. ನಾಳೆ ಬೆಳಿಗ್ಗೆ ಬೋಟಿನಲ್ಲಿ ಜಾಗ ಇದೆ, ಬನ್ನಿ, ಅರ್ಧ ರೇಟು ಅಂದ. ನಾಳೆ ರಾತ್ರಿ ನಮ್ಮ ಫ್ಲೈಟ್ ಅಂದೆ. "ಏನೂ ಆಗಲ್ಲ, ನಾವೆಲ್ಲ ಹಾರ್ತೀವಿ." ನನಗೆ ಮೈ ಉರಿದುಹೋಯಿತು. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದರೆ ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು ಅಂತ ಓಪನ್ ವಾಟರ್ ಕೋರ್ಸ್‌ನಲ್ಲೇ ಕಲಿಸುತ್ತಾರೆ. ಡೈವ್ ಆದಮೇಲೆ ಮೈಯಲ್ಲಿ ಉಳಿದ ನೈಟ್ರೋಜನ್, ವಿಮಾನ ಮೇಲೇರಿದಾಗ ಗುಳ್ಳೆ ಕಟ್ಟಬಹುದು. ಬೆಳಿಗ್ಗೆ ಇನ್ಶೂರೆನ್ಸ್ ಇನ್ಶೂರೆನ್ಸ್ ಅಂದವನೇ ಸಂಜೆ ಈ ಮಾತು ಹೇಳುತ್ತಾನೆ ನೋಡಿ.

ಊರಿಗೆ ಬಂದು ನಡೆದದ್ದನ್ನು ನಡೆದ ಹಾಗೆ ರಿವ್ಯೂ ಬರೆದೆ, ಬೈಗುಳ ಒಂದೂ ಇಲ್ಲದೆ. ಅದರ ಕೆಳಗೆ ಅವರು ಹಾಕಿದ ಉತ್ತರ ಇದೆಯಲ್ಲ, ಅದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು. "ಈ ಗ್ರಾಹಕರಿಗೆ ನೀರಿನಲ್ಲಿ ಹೆದರಿಕೆ ಇತ್ತು. ಅವರ ಸುರಕ್ಷತೆಗಾಗಿ ನಾವು ಸುಲಭದ ಜಾಗ ಆರಿಸಿದೆವು. ಅವರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಂಬಿದ್ದೇವೆ." ನೀರಿಗೆ ಇಳಿಯುವ ಮುಂಚೆಯೇ ನನ್ನ ಹೆಸರಿನ ಮೇಲೆ ಗೆರೆ ಎಳೆದವರಿಗೆ ನನ್ನ ಹೆದರಿಕೆ ಯಾವಾಗ ಕಂಡಿತು? ಆಫೀಸಿನ ಗೆಳೆಯನೊಬ್ಬ ಅದನ್ನು ಓದಿ "ನೀರಿಗೆ ಹೆದರ್ತೀಯಂತೆ?" ಅಂತ ನಕ್ಕ. ಅವನಿಗೆ ತಮಾಷೆ. ನನಗೆ ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ವಾಟ್ಸಾಪ್‌ನಲ್ಲಿ ಕೇಳಿದೆ, ಯಾಕೆ ಹೀಗೆ ಸುಳ್ಳು ಬರೆದಿರಿ ಅಂತ. ಮೊದಲು "ಸರ್ವಿಸ್ ಕೊಟ್ಟಿದ್ದೇವೆ". ಆಮೇಲೆ "ಷರತ್ತು ಓದಿ". ಆಮೇಲೆ "ರಿವ್ಯೂ ತೆಗೆದರೆ ಮುಂದಿನ ಸಲ ಶೇಕಡಾ ಹತ್ತು ಡಿಸ್ಕೌಂಟ್". ಈಗ ಬರೀ ನೀಲಿ ಟಿಕ್. ಕಾರ್ಡಿನಲ್ಲಿ ಕೊಟ್ಟ ಅಡ್ವಾನ್ಸ್‌ಗೆ ಬ್ಯಾಂಕ್ ದೂರು ತಗೊಂಡಿದೆ. ಕ್ಯಾಶ್ ಕೊಟ್ಟದ್ದು ಹೋದ ಹಾಗೇ.

ಹೋಗುವವರು ಹೋಗಿ, ಹಡಗಿನದ್ದೇನೂ ತಪ್ಪಿಲ್ಲ. ನಿಮ್ಮ ಕಾರ್ಡ್ ಯಾವುದು ಅಂತ ಹೇಳಿ "ಬೋಟಿನಲ್ಲಿ ಸೀಟು ಪಕ್ಕಾ ಇದೆಯಾ, ಕೊಡದಿದ್ದರೆ ಪೂರ್ತಿ ದುಡ್ಡು ವಾಪಸಾ" ಅಂತ ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಮಷೀನ್ ಕೆಟ್ಟಿದೆ ಅಂದರೆ ರಿಪೇರಿ ಆಗುವವರೆಗೆ ಕಾಯ್ತೀವಿ ಅನ್ನಿ. ಗೇಜಿನಲ್ಲಿ 200 ಕಾಣದೆ ಸಿಲಿಂಡರ್ ಬೆನ್ನಿಗೆ ಹಾಕಬೇಡಿ. ಫ್ಲೈಟಿನ ಹಿಂದಿನ ದಿನ ಖಾಲಿ ಬಿಡಿ, ಅವರು ಏನೇ ಹೇಳಲಿ. ಲಾರ್ನಕಾದಲ್ಲಿ ನಂಬಬಹುದಾದ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ, ನಾನು ಜೆನೋಬಿಯಾ ಇನ್ನೂ ನೋಡಿಲ್ಲ.