ಎಂ-ಡಿಸ್ಕ್: ಕರಾವಳಿಯ ಮಳೆಗೆ ಪರವಾಗಿಲ್ಲ, ಸಾವಿರ ವರ್ಷದ ಮಾತು ಬಿಡಿ

ಎಂ-ಡಿಸ್ಕ್ ಅಂದರೆ ಬಹಳ ಕಾಲ ಬಾಳಲಿ ಅಂತಲೇ ಮಾಡಿದ, ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ, ಬ್ಲೂರೇ ಡಿಸ್ಕ್. ಡಬ್ಬಿ ಮೇಲಿನ ‘ಸಾವಿರ ವರ್ಷ’ ನೋಡಿ ಅದನ್ನು ತಗೊಳ್ಳಬೇಡಿ. ಆದರೆ ಉಡುಪಿಯಂಥ ಊರಲ್ಲಿ ಫೋಟೋ, ಆಡಿಯೋ ಎಲ್ಲ ಇನ್ನೊಂದು ಇಪ್ಪತ್ತು ಮೂವತ್ತು ವರ್ಷ ಉಳಿಯಬೇಕು ಅಂತಿದ್ದರೆ ಧಾರಾಳವಾಗಿ ತಗೊಳ್ಳಿ.

ನನಗೆ ಬೇಕಾಗಿದ್ದದ್ದು ಅಪ್ಪನ ಯಕ್ಷಗಾನ ಕ್ಯಾಸೆಟ್‌ಗಳಿಗೆ. ಆಟ ಇದ್ದಲ್ಲೆಲ್ಲ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಮಾಡಿಕೊಂಡು ಬಂದದ್ದು. ಭಾಗವತ ಕಾಳಿಂಗ ನಾವಡರು 1990ರಲ್ಲೇ ಹೋದರು, ಅವರ ಪದ ಇರುವ ಕ್ಯಾಸೆಟ್ ಬೂಷ್ಟು ಹಿಡಿದರೆ ಮತ್ತೆ ಎಲ್ಲಿಂದ ತರುವುದು? ಕಂಪ್ಯೂಟರಿಗೆ ಏರಿಸುವ ಕೆಲಸ ಹೇಗೋ ಮುಗಿಯಿತು. ಏರಿಸಿದ್ದನ್ನು ಇಡುವುದೆಲ್ಲಿ ಅನ್ನುವುದೇ ದೊಡ್ಡ ತಲೆಬಿಸಿ.

ಕೆಲವನ್ನು ಅಪ್ಪ ಆ ಕಾಲದಲ್ಲೇ ಸಿಡಿ ಮಾಡಿಸಿದ್ದರು. ಅದರಲ್ಲಿ ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು, ಅಂಚಿನ ಕಡೆ ಜಾಸ್ತಿ. ಸಿಡಿಯಲ್ಲಿ ಡೇಟಾ ಇರುವುದು ಹೆಸರು ಬರೆಯುವ ಬದಿಯ ಕೆಳಗೇ, ಮೇಲೆ ತೆಳು ಲ್ಯಾಕರ್ ಮಾತ್ರ. ಅದರೊಳಗೆ ತೇವ ಹೋದರೆ ಹೊಳೆಯುವ ಪದರ ಹಾಳು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಾಗ ಇದು ಮಾರಾಯ್ರೆ, ಜುಲೈನಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ.

ಮಾಮೂಲಿ ಸಿಡಿ, ಡಿವಿಡಿಯಲ್ಲಿ ಬರೆಯುವ ಪದರ ಒಂದು ಬಗೆಯ ಸಾವಯವ ಬಣ್ಣ. ಬಿಸಿಲು, ಸೆಕೆಗೆ ಅದು ಮಾಸುತ್ತದೆ. ಎಂ-ಡಿಸ್ಕ್‌ನಲ್ಲಿ ಆ ಬಣ್ಣ ಇಲ್ಲ, ಕಲ್ಲಿನಂಥ ಗಟ್ಟಿ ಪದರದಲ್ಲಿ ಲೇಸರ್ ಗುರುತು ಕೊರೆಯುತ್ತದೆ. ಒಮ್ಮೆ ಬರೆದರೆ ಅಳಿಸಲಿಕ್ಕೆ ಬರುವುದಿಲ್ಲ, ಹಾಗಾಗಿ ವೈರಸ್ ಬಂದು ಫೈಲಿಗೆಲ್ಲ ಬೀಗ ಹಾಕುವ ಭಯವೂ ಇಲ್ಲ. ನನಗೆ ಇದೇ ಜಾಸ್ತಿ ಇಷ್ಟವಾಯಿತು.

ಇನ್ನು ಸಾವಿರ ವರ್ಷದ ವಿಷಯ. 2009ರಲ್ಲಿ ಅಮೆರಿಕದ ನೌಕಾಪಡೆಯವರು ಕ್ಯಾಲಿಫೋರ್ನಿಯಾದ ಚೈನಾ ಲೇಕ್‌ನಲ್ಲಿ 85 ಡಿಗ್ರಿ ಬಿಸಿ, ಶೇ 85 ತೇವದಲ್ಲಿ ಇಟ್ಟು ಪರೀಕ್ಷೆ ಮಾಡಿದಾಗ ಎಂ-ಡಿಸ್ಕ್ ಡಿವಿಡಿ ಪಾಸಾಯಿತು, ಬೇರೆಯವು ಫೇಲಾದವು. ಸರಿ. ಆದರೆ ಫ್ರಾನ್ಸಿನ ಎಲ್‌ಎನ್‌ಇ ಲ್ಯಾಬ್ 90 ಡಿಗ್ರಿಯಲ್ಲಿ ನೋಡಿದಾಗ ಮಾಮೂಲಿ ಡಿವಿಡಿಗಿಂತ ಇದು ಹೆಚ್ಚೇನೂ ಬಾಳಲಿಲ್ಲ. ಈ ಡಿಸ್ಕನ್ನು ಮೊದಲು ತಂದ ಮಿಲೆನಿಯಾಟಾ ಕಂಪನಿಯೇ 2016ರಲ್ಲಿ ದಿವಾಳಿಯಾಯಿತು. ಸಾವಿರ ವರ್ಷದ ವಾರಂಟಿ ಯಾರ ಹತ್ತಿರ ಕೇಳುವುದು ಅಲ್ವಾ? ಈಗ ವರ್ಬ್ಯಾಟಿಮ್ ಹೆಸರಲ್ಲಿ ಸಿಗುತ್ತದೆ.

ನಾನು ತಗೊಂಡದ್ದು 25 ಜಿಬಿಯ ಬ್ಲೂರೇ ಎಂ-ಡಿಸ್ಕ್, ಜೊತೆಗೆ ಯುಎಸ್‌ಬಿಯ ಒಂದು ರೈಟರ್. ಮಣಿಪಾಲದ ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದರೆ ಮೇಲಿಂದ ಕೆಳಗೆ ನೋಡಿ “ಪೆನ್‌ಡ್ರೈವ್ ಕೊಡ್ಲಾ ಸರ್” ಅಂದರು, ಹಾಗಾಗಿ ಆನ್‌ಲೈನೇ ಗತಿ. ರೇಟು ಮಾತ್ರ ಜಾಸ್ತಿ. 90 ನಿಮಿಷದ ಒಂದು ಕ್ಯಾಸೆಟ್ ಕುಗ್ಗಿಸದ ವೇವ್ ಫೈಲಾದರೆ ಸುಮಾರು 950 ಎಂಬಿ, ಬೆಳಗಿನವರೆಗಿನ ಆಟ ಅಂದರೆ ಐದಾರು ಕ್ಯಾಸೆಟ್, ಅಂದರೆ ಒಂದು ಡಿಸ್ಕಿಗೆ ನಾಲ್ಕು ಆಟ ಆರಾಮಾಗಿ ಹಿಡಿಸುತ್ತದೆ. ಫ್ಲಾಕ್ ಅನ್ನುವ ಬಗೆಯಲ್ಲಿ ಕುಗ್ಗಿಸಿದರೆ ಇನ್ನೂ ಜಾಸ್ತಿ, ಧ್ವನಿ ಒಂಚೂರೂ ಕೆಡುವುದಿಲ್ಲ. 4ಎಕ್ಸ್ ಸ್ಪೀಡಿನಲ್ಲಿ ಡಿಸ್ಕ್ ತುಂಬಲಿಕ್ಕೆ ಇಪ್ಪತ್ತೈದು ನಿಮಿಷದ ಹತ್ತಿರ ಬೇಕು, ಬರೆದದ್ದು ಸರಿ ಇದೆಯಾ ಅಂತ ಓದಿ ನೋಡುವ ವೆರಿಫೈಗೆ ಮತ್ತೆ ಅಷ್ಟೇ. ವೆರಿಫೈ ಬಿಡಲೇಬೇಡಿ, ಎಷ್ಟೇ ಬೇಜಾರಾದರೂ. ಪ್ರತಿ ಡಿಸ್ಕಿಗೆ ಎಸ್‌ಎಚ್‌ಎ-256 ಪಟ್ಟಿಯ, ಅಂದರೆ ಪ್ರತಿ ಫೈಲಿನ ಬೆರಳಚ್ಚಿನಂಥ ಸಂಕೇತಗಳ, ಒಂದು ಟೆಕ್ಸ್ಟ್ ಫೈಲನ್ನೂ ಹಾಕಿ. ಹತ್ತು ವರ್ಷ ಬಿಟ್ಟು ತೆಗೆದಾಗ ಫೈಲು ಸರಿ ಇದೆಯೋ ಇಲ್ಲವೋ ಅಂತ ಕಿವಿಯಲ್ಲಿ ಕೇಳಿ ಪರೀಕ್ಷಿಸಲಿಕ್ಕಾಗುವುದಿಲ್ಲ.

ಡಿಸ್ಕುಗಳು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿವೆ, ಜೊತೆಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಮಳೆಗಾಲದಲ್ಲಿ ಆಗಾಗ ಡಬ್ಬಿ ತೆರೆದರೆ ಅದು ಕಡು ಹಸಿರಾಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಅದಕ್ಕೆ ಹಳೆ ಬಾಣಲೆ ಬೇರೆಯೇ ಇಟ್ಟುಕೊಳ್ಳಿ, ಅಡುಗೆಯದ್ದು ಬೇಡ.

ನಿಜವಾದ ತೊಂದರೆ ಡಿಸ್ಕಿನದ್ದಲ್ಲ, ಓದುವ ಡ್ರೈವಿನದ್ದು. ಈಗ ಯಾವ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗ ಇದೆ ಹೇಳಿ? ಬರೆಯುವ ಬ್ಲೂರೇ ಡಿಸ್ಕ್ ಮಾಡುವುದನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಡಿಸ್ಕ್ ಮೂವತ್ತು ವರ್ಷ ಗಟ್ಟಿಯಾಗಿದ್ದು, ಓದುವ ಯಂತ್ರ ಹದಿನೈದಕ್ಕೇ ಮಾಯವಾದರೆ ಪ್ರಯೋಜನವೇನು? ಅದಕ್ಕೇ ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ. ಇನ್ನೊಂದು ಕಾಪಿ ಹಾರ್ಡ್ ಡಿಸ್ಕಿನಲ್ಲಿರಲಿ, ಅದನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ಚಿಪ್ಪಿನಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಡುವುದು ಬೇಡ, ಒಳಗಿನ ಚಾರ್ಜ್ ನಿಧಾನಕ್ಕೆ ಸೋರಿಹೋಗುತ್ತದೆ. ಮೂರನೆಯ ಕಾಪಿ ಮಂಗಳೂರಿನ ತಂಗಿ ಮನೆಯಲ್ಲಿಡೋಣ ಅಂದುಕೊಂಡೆ, ಆದರೆ ಅಲ್ಲಿಯೂ ಇದೇ ಮಳೆ, ಇದೇ ಉಪ್ಪುಗಾಳಿ. ಘಟ್ಟದ ಮೇಲೆ ಭಾವನ ಮನೆಗೆ ಕಳಿಸಿದೆ.

ದುಡ್ಡು ಉಳಿಸಬೇಕಾದರೆ ಮಾಮೂಲಿ ಬ್ಲೂರೇ ಡಿಸ್ಕೇ ಸಾಕು. ಅದರಲ್ಲಿ ಎಚ್‌ಟಿಎಲ್ ಅನ್ನುವ ಬಗೆಯಲ್ಲೂ ಸಾವಯವ ಬಣ್ಣ ಇರುವುದಿಲ್ಲ. ಎಲ್‌ಟಿಎಚ್ ಅಂತ ಇದ್ದರೆ ಮುಟ್ಟಬೇಡಿ, ಅದು ಹಳೆ ಡಿವಿಡಿಯ ಜಾತಿಯೇ. 100 ಜಿಬಿಯ ಎಂ-ಡಿಸ್ಕೂ ಇದೆ, ಆದರೆ ಅದಕ್ಕೆ ಬಿಡಿಎಕ್ಸ್‌ಎಲ್ ಅನ್ನುವ ದೊಡ್ಡ ಬ್ಲೂರೇ ಬಗೆಯನ್ನು ಓದುವ ಡ್ರೈವೇ ಬೇಕು, ಒಂದು ಡಿಸ್ಕ್ ಗೀಚಿದರೆ ಹೋಗುವುದೂ ಜಾಸ್ತಿ. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರ್. ಒಂದು ಸ್ಟಾರ್ ಕಡಿಮೆಯಾದದ್ದು ರೇಟಿಗೆ, ಅರ್ಧ ಡಬ್ಬಿ ಮೇಲಿನ ಬಡಾಯಿಗೆ.