ಮರಗಸಿ ಕೆಲಸಕ್ಕೆ ಯಾವ ಚೈನ್ ಸಾ ಮಷೀನ್? ಹಲವು ಸೀಸನ್ ಬಳಸಿದ ಮೇಲೆ ನನ್ನ ಅಭಿಪ್ರಾಯ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮಾಡುವ ಚಿಕ್ಕ ತಂಡ ನಮ್ಮದು. ಕಾಫಿ ಕೊಯ್ಲು ಮುಗಿದ ಮೇಲೆ ಶುರುವಾದರೆ ಜೂನ್‌ನಲ್ಲಿ ಮಳೆ ಹಿಡಿಯುವವರೆಗೂ ಬಿಡುವಿಲ್ಲ. ನಡುವೆ ಊರೊಳಗಿನ ಕೆಲಸವೂ ಬರುತ್ತದೆ: ಮನೆ ಮೇಲೆ ವಾಲಿದ ಮರ, ಗಾಳಿಗೆ ಸೀಳಿ ನೇತಾಡುವ ಕೊಂಬೆ. ಮಷೀನ್ ಚೆನ್ನಾಗಿದೆಯೋ ಇಲ್ಲವೋ ಅಂತ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ, ಸೀಸನ್ ಕಳೆದ ಮೇಲೆ ಗೊತ್ತಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗರು ಮೊದಲು ಕೇಳುವುದು, "ಎಷ್ಟು ಸಿಸಿದು ತಗೊಳ್ಳಲಿ ಅಣ್ಣಾ?" ಅಂತ. ನಾನು ಕೇಳುವುದು, "ಮಷೀನ್ ಹಿಡಿದವನು ಎಲ್ಲಿ ಇರ್ತಾನೆ?" ಅಂತ. ನೆಲದ ಮೇಲೆ ನಿಂತು ದಿಮ್ಮಿ ಕೊಯ್ಯುವುದೇ ಬೇರೆ, ಹಗ್ಗದಲ್ಲಿ ನೇತಾಡಿಕೊಂಡು ಕೊಂಬೆ ತೆಗೆಯುವುದೇ ಬೇರೆ. ಎರಡಕ್ಕೂ ಒಂದೇ ಮಷೀನ್ ಸಾಕು ಅನ್ನುವವರು ಬಹಳ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ದುಡ್ಡು ಕಡಿಮೆ ಇದ್ದರೆ ನೆಲದ ಮಷೀನಿನಲ್ಲಿ ಉಳಿಸಿ, ಮೇಲೆ ಹೋಗುವ ಮಷೀನಿನಲ್ಲಿ ಮಾತ್ರ ಉಳಿಸಬೇಡಿ.

ನೆಲದ ಕೆಲಸಕ್ಕೆ ನಮ್ಮಲ್ಲಿ ಜಾಸ್ತಿ ಓಡುವುದು ಸ್ಟಿಲ್ ಕಂಪನಿಯ ಎಂಎಸ್ 250. 45.4 ಸಿಸಿ ಎಂಜಿನ್, 4.6 ಕೆಜಿ ತೂಕ. ಸಿಲ್ವರ್ ಓಕ್, ಹಾಲುವಾಣ ಕೆಡವಿದ ಮೇಲೆ ಸೌದೆ ಅಳತೆಗೆ ತುಂಡು ಮಾಡಲು ಇದಕ್ಕಿಂತ ದೊಡ್ಡದು ಬೇಡ. ಹುಡುಗರ ಕೈ ಸೋಲುವುದಿಲ್ಲ, ಪೆಟ್ರೋಲೂ ಹೆಚ್ಚು ಕುಡಿಯುವುದಿಲ್ಲ. ಇದಕ್ಕೆ ನಾವು 16 ಇಂಚಿನ ಬಾರ್, ಅಂದರೆ ಚೈನ್ ಓಡುವ ಪಟ್ಟಿ, ಹಾಕುತ್ತೇವೆ. 18 ಇಂಚಿನದೂ ಕೂರುತ್ತದೆ. ಆದರೆ ಒಣಗಿದ ಮತ್ತಿಯಂಥ ಗಟ್ಟಿ ಮರದಲ್ಲಿ ಪೂರ್ತಿ ಬಾರ್ ಒಳಗಿಳಿಸಿದರೆ ಈ ಗಾತ್ರದ ಎಂಜಿನ್ ಏದುಸಿರು ಬಿಡುತ್ತದೆ. ಅಂಥ ಬುಡಗಳಿಗೆ ಎಂಎಸ್ 382 ಇಟ್ಟುಕೊಂಡಿದ್ದೇವೆ. ಅದು 72.2 ಸಿಸಿ, 6.2 ಕೆಜಿ. ಕೊಯ್ಯುವ ವೇಗ ನೋಡಿದರೆ ಖುಷಿಯಾಗುತ್ತದೆ, ಆದರೆ ಇಡೀ ದಿನ ಹಿಡಿಯುವ ಮಷೀನ್ ಅಲ್ಲ. ಚಿಕ್ಕ ತಂಡಕ್ಕೆ ಇದು ಬಾಡಿಗೆಗೆ ಸಿಕ್ಕರೂ ಸಾಕು.

ತೂಕದ ಬಗ್ಗೆ ಒಂದು ಮಾತು. ಪುಸ್ತಕದಲ್ಲಿ ಬರೆದಿರುವುದು ಬಾರ್, ಚೈನ್, ಪೆಟ್ರೋಲ್, ಆಯಿಲ್ ಯಾವುದೂ ಇಲ್ಲದ ತೂಕ. ಎಲ್ಲ ಸೇರಿದ ಮೇಲೆ ಕೈಗೆ ಬರುವುದು ಬೇರೆಯೇ. ಅಂಗಡಿಯಲ್ಲಿ ಬಾರ್ ಹಾಕಿಸಿ, ಟ್ಯಾಂಕ್ ತುಂಬಿಸಿ, ಒಂದು ಸಲ ಎದೆ ಎತ್ತರಕ್ಕೆ ಹಿಡಿದು ನೋಡಿ. ಕೊಡುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ.

ಇನ್ನು ಮೇಲೆ ಹೋಗುವ ಮಷೀನ್. ಇದಕ್ಕೆ ಹಿಡಿಕೆ ಎಂಜಿನ್ನಿನ ತಲೆ ಮೇಲೆ ಇರುತ್ತದೆ, ಟಾಪ್ ಹ್ಯಾಂಡಲ್ ಅಂತಾರೆ. ನಾವು ಬಳಸುವುದು ಎಂಎಸ್ 201 ಟಿ: 35.2 ಸಿಸಿ, 3.7 ಕೆಜಿ. ಇದರ ಗುಣ ಗೊತ್ತಾಗುವುದು ಕೊಂಬೆಗಳ ಸಂದಿಯಲ್ಲಿ. ಮಷೀನ್ ಮೈಗೆ ಹತ್ತಿರ ಇರುತ್ತದೆ, ತಿರುಗಿಸಲು ಜಾಗ ಬೇಕಾಗುವುದಿಲ್ಲ, ಕೆಲಸ ಮುಗಿದ ತಕ್ಷಣ ಸೊಂಟದ ಪಟ್ಟಿಗೆ ನೇತುಹಾಕಬಹುದು. ಇದೇ ಗುಣದಲ್ಲಿ ಅಪಾಯವೂ ಇದೆ. ಹಗುರ ಇದೆ ಅಂತ ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದುಕೊಂಡು ಕೊಯ್ಯುವವರಿದ್ದಾರೆ. ಬಾರಿನ ತುದಿಯ ಮೇಲ್ಭಾಗ ಎಲ್ಲಿಗಾದರೂ ತಗುಲಿದರೆ ಮಷೀನ್ ಮುಖದ ಕಡೆಗೇ ಒದೆಯುತ್ತದೆ. ಒಂದು ಕೈ ಅದನ್ನು ತಡೆಯಲಾರದು. ನಮ್ಮ ತಂಡದಲ್ಲಿ ಒಂಟಿ ಕೈಯಲ್ಲಿ ಕೊಯ್ದವನು ಆ ದಿನ ಮತ್ತೆ ಮರ ಹತ್ತುವಂತಿಲ್ಲ. ಎರಡು ಕೈ ಮಷೀನಿಗೆ ಬೇಕು ಅಂದರೆ ದೇಹವನ್ನು ಹಗ್ಗ ಹಿಡಿಯಬೇಕು. ಹಾಗಾಗಿ ಬೆಲ್ಟ್, ಹಗ್ಗಕ್ಕೆ ದುಡ್ಡಿಲ್ಲ ಅಂದರೆ ಟಾಪ್ ಹ್ಯಾಂಡಲ್ ತಗೊಳ್ಳಲೇಬೇಡಿ.

ಇತ್ತೀಚೆಗೆ ಬ್ಯಾಟರಿಯ ಟಾಪ್ ಹ್ಯಾಂಡಲನ್ನೂ ಬಳಸುತ್ತಿದ್ದೇವೆ. ನನಗೆ ಅದು ತುಂಬಾ ಹಿಡಿಸಿದೆ. ಮೇಲೆ ಕೂತು ಸ್ಟಾರ್ಟರ್ ಹಗ್ಗ ಎಳೆಯುವ ಕಷ್ಟ ಇಲ್ಲ. ಇನ್ನೂ ದೊಡ್ಡ ಲಾಭ ಎಂದರೆ ಸದ್ದು ಕಡಿಮೆ. ಮೇಲಿನವನು "ಹುಷಾರು, ಬಿಡ್ತಾ ಇದೀನಿ" ಅಂದರೆ ಕೆಳಗೆ ಹಗ್ಗ ಹಿಡಿದವನಿಗೆ ಕೇಳಿಸುತ್ತದೆ. ಪೆಟ್ರೋಲ್ ಮಷೀನಿನ ಗದ್ದಲದಲ್ಲಿ ಬರೀ ಕೈಸನ್ನೆಯಲ್ಲೇ ಕಾಲ ತಳ್ಳಿದ್ದೆವು. ಕೊರತೆ ಇರುವುದು ಬ್ಯಾಟರಿಯಲ್ಲೇ: ತೋಟದೊಳಗೆ ಚಾರ್ಜ್ ಮಾಡಲು ಕೆಲಸಗಾರರ ಲೈನ್ ಮನೆಯವರೆಗೆ ಬರಬೇಕು, ಆದ್ದರಿಂದ ಒಂದಕ್ಕಿಂತ ಹೆಚ್ಚು ಬ್ಯಾಟರಿ ಇರಲೇಬೇಕು. ಚೈನ್ ಮುಟ್ಟುವ ಮೊದಲು ಬ್ಯಾಟರಿ ಕಳಚುವುದನ್ನು ರೂಢಿ ಮಾಡಿಕೊಳ್ಳಿ. ಇದು ಆನ್ ಇದೆಯೋ ಆಫ್ ಇದೆಯೋ ಅಂತ ಸದ್ದು ಕೇಳಿ ತಿಳಿಯಲು ಆಗುವುದಿಲ್ಲ.

ಕಡಿಮೆ ಬೆಲೆಗೆ ಸಿಗುವ ಒಂದು ಮಷೀನನ್ನೂ ಓಡಿಸಿ ನೋಡಿದ್ದೇವೆ. ಕೊಯ್ಯುವುದರಲ್ಲಿ ದೂರಲು ಏನೂ ಇರಲಿಲ್ಲ. ಆದರೆ ಚೈನಿಗೆ ಎಣ್ಣೆ ಕೊಡುವ ಆಯಿಲ್ ಪಂಪ್ ಹೋದಾಗ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಸೀಸನ್ ಮಧ್ಯೆ ಮೂಲೆ ಸೇರಿತು. ಹಾಗಾಗಿ ಹಸ್ಕ್‌ವರ್ನಾ ಆಗಲಿ, ಸ್ಟಿಲ್ ಆಗಲಿ, ಬೇರೆ ಯಾವುದೇ ಆಗಲಿ, ನಿಮ್ಮ ಊರಿನ ಹತ್ತಿರ ಯಾರು ರಿಪೇರಿ ಮಾಡುತ್ತಾರೆ, ಯಾರ ಹತ್ತಿರ ಪಾರ್ಟ್ಸ್ ಇದೆ ಅಂತ ಮೊದಲು ವಿಚಾರಿಸಿ. ಸಿಸಿ ಆಮೇಲೆ.

ಮಷೀನಿಗಿಂತ ಜಾಸ್ತಿ ಮಾತಾಡಬೇಕಾದ್ದು ಚೈನ್ ಬಗ್ಗೆ. ಚೈನ್ ಹೇಗಿದೆ ಅಂತ ತಿಳಿಯಲು ಕೆಳಗೆ ಬೀಳುವುದನ್ನು ನೋಡಿದರೆ ಸಾಕು. ಚಕ್ಕೆ ಬೀಳುತ್ತಿದ್ದರೆ ಹರಿತ ಇದೆ. ರಾಗಿ ಹಿಟ್ಟಿನಂತೆ ಪುಡಿ ಬರುತ್ತಿದ್ದರೆ ಮೊಂಡಾಗಿದೆ, ಅಲ್ಲಿಗೇ ನಿಲ್ಲಿಸಬೇಕು. ಮೊಂಡು ಚೈನನ್ನು ಒತ್ತಿ ಒತ್ತಿ ಓಡಿಸಿದರೆ ಬಾರ್ ಕಾಯುತ್ತದೆ, ಎಂಜಿನ್ ಸೋಲುತ್ತದೆ, ಹಿಡಿದವನ ಭುಜವೂ ಸೋಲುತ್ತದೆ. ಕೊಯ್ತ ಒಂದೇ ಕಡೆಗೆ ಎಳೆಯುತ್ತಿದ್ದರೆ ಸಾಮಾನ್ಯವಾಗಿ ಒಂದು ಬದಿಯ ಹಲ್ಲು ಗಿಡ್ಡವಾಗಿದೆ ಎಂದರ್ಥ. ಒಂದೊಂದು ಚೈನಿಗೆ ಒಂದೊಂದು ಗಾತ್ರದ ಅರ. 201 ಟಿಯ ಸಣ್ಣ ಚೈನಿಗೆ 4 ಮಿಲಿಮೀಟರ್, 250ರ ಚೈನಿಗೆ 4.8, 382ರ ಚೈನಿಗೆ 5.2. ಎಲ್ಲಕ್ಕೂ ಒಂದೇ ಅರ ತಿಕ್ಕಿದರೆ ಹಲ್ಲಿನ ಆಕಾರವೇ ಕೆಡುತ್ತದೆ. ಕೋನ 30 ಡಿಗ್ರಿ. ಅರ ಒಳಗಿನಿಂದ ಹೊರಗೆ ತಳ್ಳುವಾಗ ಮಾತ್ರ ತಾಗಬೇಕು, ವಾಪಸ್ ಎಳೆಯುವಾಗ ಎತ್ತಬೇಕು.

ಪ್ರತಿ ಹಲ್ಲಿನ ಮುಂದೆ ಗಿಡ್ಡನೆಯ ಏಣು ಇರುತ್ತದೆ, ಡೆಪ್ತ್ ಗೇಜ್ ಅಂತಾರೆ. ನಮ್ಮ ಚೈನ್‌ಗಳಲ್ಲಿ ಅದು ಹಲ್ಲಿನ ತುದಿಗಿಂತ 0.65 ಮಿಲಿಮೀಟರ್ ತಗ್ಗಿರಬೇಕು. ಹಲ್ಲು ಸವೆದ ಹಾಗೆ ಇದನ್ನೂ ಅಳತೆ ಪಟ್ಟಿ ಇಟ್ಟು ಚಪ್ಪಟೆ ಅರದಿಂದ ಇಳಿಸಬೇಕು. ಕಣ್ಣಂದಾಜಿನಲ್ಲಿ ಜಾಸ್ತಿ ಇಳಿಸಿದರೆ ಚೈನ್ ಮರವನ್ನು ಕಚ್ಚಿ ಎಳೆಯುತ್ತದೆ, ಒದೆಯುವುದೂ ಹೆಚ್ಚಾಗುತ್ತದೆ. ಬೇಲಿ ಸಾಲಿನ ಮರಗಳಲ್ಲಿ ಇನ್ನೊಂದು ಗೋಳು. ಹಳೆಯ ಮುಳ್ಳುತಂತಿ, ಮೊಳೆ ತೊಗಟೆಯೊಳಗೆ ಸೇರಿಹೋಗಿರುತ್ತದೆ. ಅಂಥ ಮರಕ್ಕೆ ಹಳೆ ಚೈನ್ ಹಾಕಿಕೊಂಡೇ ಹೋಗಿ. ಹಲಸು ಕೊಯ್ದ ದಿನ ಅಂಟನ್ನು ಸಂಜೆಯೇ ಸೀಮೆಎಣ್ಣೆಯಲ್ಲಿ ಒರೆಸಿ. ಬೆಳಿಗ್ಗೆಗೆ ಬಿಟ್ಟರೆ ಕೊಂಡಿಗಳು ಹಿಡಿದುಕೊಳ್ಳುತ್ತವೆ.

ಬಾರಿಗೆ ಗ್ಯಾರೇಜಿನ ವೇಸ್ಟ್ ಆಯಿಲ್ ಹಾಕುವುದು ನಮ್ಮ ಕಡೆ ಸಾಮಾನ್ಯ. ಸುಮ್ನೆ ಸಿಗುತ್ತದೆ, ನಿಜ. ಆದರೆ ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ, ಪಂಪನ್ನು ತಿನ್ನುತ್ತದೆ. ಮೇಲಿಂದ ಸಿಡಿಯುವ ಆ ಕೊಳಕೆಲ್ಲ ಬೀಳುವುದು ಕಾಫಿ ಗಿಡದ ಮೇಲೆ, ತೋಟದ ಮಣ್ಣಿಗೆ. ನಾವು ಅದನ್ನು ಪೂರ್ತಿ ಬಿಟ್ಟಿದ್ದೇವೆ. ಪೆಟ್ರೋಲಿಗೆ ಕಂಪನಿಯ ಟೂ ಸ್ಟ್ರೋಕ್ ಆಯಿಲ್ 50ಕ್ಕೆ 1, ಅಂದರೆ ಲೀಟರಿಗೆ 20 ಮಿಲಿ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬರುತ್ತಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಹವಾ ಹೇಗಿರುತ್ತದೆ ಅಂತ ಗೊತ್ತಲ್ವಾ. ಬೇಕಾದಷ್ಟೇ ಕಲಸಿ, ಬೇಗ ಮುಗಿಸಿ.

ತೋಟದಲ್ಲಿ ನಿಜವಾದ ಕಷ್ಟ ಇರುವುದು ಮೆಣಸಿನ ಬಳ್ಳಿಯಿಂದ. ಸಿಲ್ವರ್ ಓಕ್ ತುಂಬಾ ಕಾಳುಮೆಣಸು ಹಬ್ಬಿರುತ್ತದೆ. ಕಾಂಡಕ್ಕೆ ಪಟ್ಟಿ ಸುತ್ತುವಂತಿಲ್ಲ, ಕಾಲಿಗೆ ಕಬ್ಬಿಣದ ಮುಳ್ಳು ಕಟ್ಟಿ ಹತ್ತಿದರೆ ಬಳ್ಳಿ ಹಾಳು, ಮರಕ್ಕೂ ಗಾಯ. ನಮಗೆ ಅನುಕೂಲವಾಗಿದ್ದು ಥ್ರೋ ಲೈನ್. ಚಿಕ್ಕ ಭಾರದ ಚೀಲ ಕಟ್ಟಿದ ತೆಳು ದಾರವನ್ನು ಮೇಲಿನ ಕವಲಿಗೆ ಎಸೆದು, ಅದರ ಹಿಂದೆ ಹತ್ತುವ ಹಗ್ಗ ಎಳೆದುಕೊಳ್ಳುವುದು. ಬಳ್ಳಿ ಮುಟ್ಟದೆ ಹೊರಗಿನಿಂದಲೇ ಮೇಲೆ ಹೋಗಬಹುದು. ಸಿಲ್ವರ್ ಓಕ್ ಕೊಂಬೆ ಬೇಗ ಮುರಿಯುವಂಥದ್ದು. ಆದ್ದರಿಂದ ಹಗ್ಗ ಮುಖ್ಯ ಕಾಂಡವನ್ನೇ ಬಳಸಿ ಕೂತಿದೆಯಾ ಅಂತ ನೋಡಿ, ಕೆಳಗಿನಿಂದ ಇಬ್ಬರು ಜಗ್ಗಿ ಪರೀಕ್ಷಿಸಿದ ಮೇಲೇ ಹತ್ತಬೇಕು. ಕೊಯ್ದ ಕೊಂಬೆ ಇಳಿಸಲು ಬೇರೆ ಹಗ್ಗ, ಬೇರೆ ಕಪ್ಪಿ. ಪಕ್ಕದ ಬೋಳು ಮರದ ಬುಡಕ್ಕೆ ಹಗ್ಗ ಎರಡು ಮೂರು ಸುತ್ತು ಸುತ್ತಿ ಬಿಟ್ಟರೆ ಒಬ್ಬನೇ ದಪ್ಪ ಕೊಂಬೆಯನ್ನು ನಿಧಾನಕ್ಕೆ ಇಳಿಸಬಹುದು. ಸಾಹುಕಾರರ ಕಾಫಿ ಗಿಡ ಮುರಿಯುವುದಿಲ್ಲ, ಮುಂದಿನ ವರ್ಷವೂ ಕರೆಯುತ್ತಾರೆ.

ಅಲ್ಯೂಮಿನಿಯಂ ಏಣಿ ಬಗ್ಗೆ ಹೇಳದೆ ಇರಲಾರೆ. ಹಗುರ ಅಂತ ಎಲ್ಲ ತೋಟದಲ್ಲೂ ಇದೆ. ಕರೆಂಟ್ ಲೈನಿಗೆ ತಗುಲಿ ಕೆಲಸಗಾರರು ಸತ್ತ ಸುದ್ದಿ ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಲೈನ್ ಹತ್ತಿರದ ಮರಕ್ಕೆ ಆ ಏಣಿ ತರಲೇಬಾರದು, ಲೈನ್ ಆಫ್ ಮಾಡಿಸದೆ ಕೆಲಸ ಶುರು ಮಾಡಲೂಬಾರದು. ಉದ್ದ ಕೋಲಿನ ಚೈನ್ ಸಾಗೂ ಇದೇ ಮಾತು. ನೆಲದಲ್ಲಿ ನಿಂತೇ ಕೊಂಬೆ ತೆಗೆಯಲು ಅದು ಬಹಳ ಒಳ್ಳೆಯದು. ಆದರೆ ಕೋಲು ಕರೆಂಟ್ ತಡೆಯುವುದಿಲ್ಲ. ಲೈನಿನಿಂದ 15 ಮೀಟರ್ ದೂರ ಇರಿ ಅಂತ ಸ್ಟಿಲ್ ಕೈಪಿಡಿಯಲ್ಲೇ ಇದೆ. ಆ ಮಷೀನ್ ಏಳು ಕೆಜಿಗೂ ಮೇಲೆ ಇರುತ್ತದೆ, ಹೆಗಲ ಪಟ್ಟಿ ಇಲ್ಲದೆ ಕೊಡುವವರ ಹತ್ತಿರ ತಗೊಳ್ಳಬೇಡಿ.

ಕೊಂಬೆ ಪುಡಿ ಮಾಡುವ ಚಿಪ್ಪರ್ ತೋಟದಲ್ಲಿ ಅಷ್ಟಾಗಿ ಬೇಡ. ದಪ್ಪದ್ದು ಸೌದೆಗೆ ಹೋಗುತ್ತದೆ, ಸಣ್ಣದು ಮಣ್ಣಿಗೆ ಸೇರುತ್ತದೆ. ಊರೊಳಗಿನ ಕೆಲಸಕ್ಕೆ ಟ್ರ್ಯಾಕ್ಟರ್‌ಗೆ ಹಾಕುವಂಥದ್ದನ್ನು ಬಾಡಿಗೆಗೆ ತರುತ್ತೇವೆ. ಲುಂಗಿ ಉಟ್ಟವರು, ಸಡಿಲ ತೋಳಿನ ಅಂಗಿಯವರು ಅದರ ಹತ್ತಿರ ಬರಬಾರದು.

ಚೈನ್ ತಡೆಯುವ ಪ್ಯಾಂಟ್ ಮೇ ತಿಂಗಳ ಸೆಕೆಯಲ್ಲಿ ಕಷ್ಟವೇ. ಆದರೂ ಹಾಕಿಸುತ್ತೇನೆ. ಒಳಗಿನ ನೂಲು ಹೊರಬಂದು ಚೈನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತದೆ. ನೆಲದವರಿಗೆ ಮುಂಭಾಗ ಮಾತ್ರ ಕಾಯುವ ಟೈಪ್ ಎ ನಡೆಯುತ್ತದೆ, ಮರ ಹತ್ತುವವರಿಗೆ ಸುತ್ತಲೂ ಕಾಯುವ ಟೈಪ್ ಸಿ ಕೊಡಿಸಿ. ಒಮ್ಮೆ ಚೈನ್ ತಾಗಿದ ಪ್ಯಾಂಟನ್ನು ಹೊಲಿದು ಮತ್ತೆ ಬಳಸುವಂತಿಲ್ಲ. ಪೆಟ್ರೋಲ್ ಮಷೀನಿನ ಸದ್ದು 100 ಡೆಸಿಬಲ್ ದಾಟುತ್ತದೆ, ಕಿವಿಗೆ ಮುಚ್ಚುಗೆ ಇರುವ ಹೆಲ್ಮೆಟ್ಟೇ ಬೇಕು.

ಮಳೆ ಹಿಡಿದ ಮೇಲೆ ಮಷೀನ್ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ. ಕಾರ್ಬುರೇಟರಿನ ಡಯಾಫ್ರಾಮ್ ಎಂಬ ತೆಳು ಪೊರೆ ಉಳಿಯುತ್ತದೆ. ಬಾರನ್ನು ಬಿಚ್ಚಿ, ಚೈನ್ ಓಡುವ ಅಂಚಿನ ಸಂದಿಯಲ್ಲಿ ಸೇರಿದ ಕೊಳೆ ಕೆರೆದು ತೆಗೆದು, ವಾಪಸ್ ಹಾಕುವಾಗ ತಿರುವಿ ಹಾಕಿದರೆ ಎರಡೂ ಬದಿ ಸಮವಾಗಿ ಸವೆಯುತ್ತದೆ. ಮುಂದಿನ ಸೀಸನ್‌ಗೆ ನಾನು ತಗೊಳ್ಳಬೇಕೆಂದಿರುವುದು ಇನ್ನೊಂದು ಬ್ಯಾಟರಿ ಟಾಪ್ ಹ್ಯಾಂಡಲ್, ಜೊತೆಗೆ ಹತ್ತುವ ಹಗ್ಗ ಹೊಸದು. ದೊಡ್ಡ ಮಷೀನ್ ಇರುವುದೇ ಸಾಕು.